ಮಕ್ಕಳು ಒಬ್ಬರೇ ಬಸ್ಸು ಹತ್ತಬಹುದಾ?

ಹತ್ತು ಹನ್ನೆರಡು ವರ್ಷದ ಮಗು ದೊಡ್ಡವರ ಜೊತೆಯಿಲ್ಲದೆ ಬಸ್ಸಿನಲ್ಲೋ ರೈಲಿನಲ್ಲೋ ಓಡಾಡಬಹುದಾ? ಈ ಪ್ರಶ್ನೆಗೆ ಇಬ್ಬರು ಉತ್ತರ ಬರೆದಿದ್ದಾರೆ. ಪರ ಬರೆದವರು ಶಾಲಾ ಶಿಕ್ಷಕಿ. ವಿರೋಧ ಬರೆದವರು ಬಹಳ ವರ್ಷ ಬಸ್ ಕಂಡಕ್ಟರ್ ಆಗಿದ್ದವರು.

ಪರ: ಬೆಲ್ ಸ್ವಲ್ಪ ಕೆಳಗೆ ಬರಲಿ

ನಾನು ಪಾಠ ಹೇಳುವುದು ಏಳನೇ ಕ್ಲಾಸಿಗೆ. ಒಂದು ದಿನ ಪಾಠ ಬೇಗ ಮುಗಿಯಿತು. ಬೆಲ್ ಹೊಡೆಯಲು ಇನ್ನೂ ಇಪ್ಪತ್ತು ನಿಮಿಷ ಇತ್ತು. ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟು, ಮನೆಯಿಂದ ಶಾಲೆಗೆ ಬರುವ ದಾರಿಯ ಚಿತ್ರ ಬರೆಯಿರಿ ಅಂದೆ. ನಕ್ಷೆ ಅನ್ನಲಿಲ್ಲ. ನಕ್ಷೆ ಅಂದರೆ ಎಲ್ಲರೂ ಸ್ಕೇಲು ಹುಡುಕಲು ಶುರು ಮಾಡುತ್ತಾರೆ.

ದಿನಾ ಕಾರಿನಲ್ಲಿ ಬರುವ ಒಬ್ಬ ಹುಡುಗ ಹಾಳೆಯ ಎಡಗಡೆ ಮನೆ ಬರೆದ. ಬಲಗಡೆ ಶಾಲೆ ಬರೆದ. ನಡುವೆ ಒಂದು ಗೆರೆ ಎಳೆದ. ಅಷ್ಟೇ. ದಡ್ಡ ಹುಡುಗ ಅಲ್ಲ, ಲೆಕ್ಕದಲ್ಲಿ ಕ್ಲಾಸಿಗೇ ಮುಂದು. "ನಡುವೆ ಏನೂ ಇಲ್ವಾ?" ಅಂತ ಕೇಳಿದೆ. "ಇರುತ್ತೆ ಮಿಸ್. ನಾನು ನೋಡಿಲ್ಲ" ಅಂದ.

ಬಸ್ಸಿನಲ್ಲಿ ಬರುವ ಹುಡುಗಿಗೆ ಹಾಳೆಯ ಒಂದು ಮಗ್ಗುಲು ಸಾಲಲಿಲ್ಲ. ತಿರುಗಿಸಿ ಹಿಂದೆಯೂ ಬರೆದಿದ್ದಳು. ಮೂರನೇ ಸ್ಟಾಪು ದಾಟಿದ ಮೇಲೆ ರಸ್ತೆಗೆ ಬಾಗಿದ ಒಂದು ಮರ. ಅದರ ಕೊಂಬೆ ಬಸ್ಸಿನ ತಲೆಯನ್ನು ಕೆರೆಯುತ್ತದಂತೆ. ಒಂದು ತಿರುವಿನಲ್ಲಿ "ಇಲ್ಲಿ ಗಟ್ಟಿ ಹಿಡ್ಕೋಬೇಕು" ಎಂದು ಬರೆದಿದ್ದಳು. ಒಂದು ಗೇಟಿನ ಮುಂದೆ ನಾಯಿ, ಅದರ ಬಾಲ ಮೇಲಕ್ಕೆ. ತನ್ನ ಸ್ಟಾಪಿನ ಹಿಂದಿನ ಸ್ಟಾಪಿಗೆ ಬಾಣ ಹಾಕಿ, "ಇಲ್ಲಿಗೆ ನಡೆದು ಬಂದು ಹತ್ತಿದ್ರೆ ಸೀಟು ಸಿಗುತ್ತೆ" ಎಂದು ಸೇರಿಸಿದ್ದಳು.

ಆ ಎರಡು ಹಾಳೆ ಇವತ್ತಿಗೂ ನನ್ನ ಹತ್ತಿರ ಇವೆ. ನಾನು ಹೇಳಬೇಕಾದದ್ದು ಅವುಗಳಲ್ಲೇ ಇದೆ. ಒಂದು ಮಗುವಿಗೆ ತಾನಿರುವ ಜಾಗ ಗೊತ್ತು. ಇನ್ನೊಂದು ಮಗುವನ್ನು ಪಾರ್ಸೆಲ್ಲಿನ ಹಾಗೆ ಇಲ್ಲಿಂದ ಅಲ್ಲಿಗೆ ಮುಟ್ಟಿಸುತ್ತಿದ್ದಾರೆ.

ಇದು ಮೊದಲು ಹೀಗಿರಲಿಲ್ಲ. ಮೇಯರ್ ಹಿಲ್‌ಮನ್ ಎಂಬ ಸಂಶೋಧಕರು 1971ರಲ್ಲಿ ತಮ್ಮ ಜೊತೆಯವರೊಂದಿಗೆ ಇಂಗ್ಲೆಂಡಿನ ಶಾಲೆಗಳಿಗೆ ಹೋಗಿ ಮಕ್ಕಳನ್ನೇ ಕೇಳಿದರು. ನೀನು ಒಬ್ಬನೇ ರಸ್ತೆ ದಾಟಬಹುದಾ? ಒಬ್ಬಳೇ ಬಸ್ಸು ಹತ್ತಬಹುದಾ? ಕತ್ತಲಾದ ಮೇಲೆ ಹೊರಗೆ ಹೋಗಬಹುದಾ? ಆಗ ಏಳೆಂಟು ವರ್ಷದ ಮಕ್ಕಳಲ್ಲಿ ನೂರಕ್ಕೆ 80 ಮಕ್ಕಳು ದೊಡ್ಡವರಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ರಲ್ಲಿ ಮತ್ತೆ ಹೋಗಿ ಅದನ್ನೇ ಕೇಳಿದರು. ನೂರಕ್ಕೆ 80 ಇದ್ದದ್ದು 9 ಆಗಿತ್ತು. ಹತ್ತೊಂಬತ್ತೇ ವರ್ಷ. ಅಂದರೆ ಒಂದು ತಲೆಮಾರು ಕಳೆಯುವ ಮೊದಲೇ ಆ ವಯಸ್ಸಿನ ಮಕ್ಕಳು ಒಬ್ಬರೇ ಶಾಲೆಗೆ ಹೋಗುವುದು ಹೆಚ್ಚು ಕಡಿಮೆ ನಿಂತೇ ಹೋಗಿತ್ತು.

ಯಾಕೆ? ಕೇಳಿದರೆ ಅಪ್ಪ ಅಮ್ಮಂದಿರು ಹೇಳಿದ್ದು ಮುಖ್ಯವಾಗಿ ವಾಹನಗಳ ಭಯ. ಇಲ್ಲೊಂದು ವಿಚಿತ್ರ ಇದೆ. ಆ ವರ್ಷಗಳಲ್ಲಿ ರಸ್ತೆ ಅಪಘಾತದಲ್ಲಿ ಸಾಯುವ ಮಕ್ಕಳ ಸಂಖ್ಯೆ ಕಡಿಮೆ ಆಗಿತ್ತು. ಹಾಗಾದರೆ ರಸ್ತೆ ಸುರಕ್ಷಿತ ಆಯಿತು ಅಂತ ಅನ್ನಿಸುತ್ತದೆ ಅಲ್ವಾ? ಹಿಲ್‌ಮನ್ ಮತ್ತು ಜೊತೆಯವರು ಬೇರೆಯದನ್ನೇ ಹೇಳಿದರು. ರಸ್ತೆ ಸುರಕ್ಷಿತ ಆಗಿಲ್ಲ, ರಸ್ತೆಯಲ್ಲಿ ಮಕ್ಕಳೇ ಇಲ್ಲ. ಹುಲಿ ಇದೆ ಅಂತ ಎಲ್ಲರೂ ಬಾಗಿಲು ಹಾಕಿಕೊಂಡರೆ ಹುಲಿ ಯಾರನ್ನೂ ಕಚ್ಚುವುದಿಲ್ಲ. ಹಾಗಂತ ಹುಲಿ ಸಾಧು ಆಯಿತು ಅನ್ನಲು ಆಗುತ್ತದಾ?

ಹುಲಿ ಯಾವುದು ಅನ್ನುವುದನ್ನೂ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 11 ಲಕ್ಷ 90 ಸಾವಿರ ಜನ ರಸ್ತೆಯಲ್ಲಿ ಸಾಯುತ್ತಾರೆ. 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತ. ರೋಗ ಅಲ್ಲ, ಅಪಹರಣ ಅಲ್ಲ. ಈ ಭಯಕ್ಕೆ ಒಬ್ಬ ತಾಯಿ ಮಗುವನ್ನು ಕಾರಿನಲ್ಲಿ ಕೂರಿಸುತ್ತಾಳೆ. ಶಾಲೆಯ ಗೇಟಿನ ಮುಂದೆ ಒಂದು ಕಾರು ಜಾಸ್ತಿ ಆಯಿತು. ಅದನ್ನು ನೋಡಿ ಇನ್ನೊಬ್ಬ ತಾಯಿಗೆ ಭಯ. ಇನ್ನೊಂದು ಕಾರು. ನಮ್ಮ ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತು ನೋಡಿದರೆ ಗೊತ್ತಾಗುತ್ತದೆ. ಮಕ್ಕಳಿಗೆ ಅಲ್ಲಿ ದಿಗಿಲಾಗುವುದು ಮಕ್ಕಳನ್ನು ಕರೆದೊಯ್ಯಲು ಬಂದ ವಾಹನಗಳಿಂದಲೇ. ಒಂದು ಬಸ್ಸು ಬಂದರೆ ಅಲ್ಲಿ ಮೂವತ್ತು ಕಾರು ಕಡಿಮೆ.

ನಾವು ದೊಡ್ಡವರು ಇಷ್ಟೆಲ್ಲ ಮಾತಾಡುತ್ತೇವೆ. ಮಕ್ಕಳನ್ನು ಯಾರು ಕೇಳಿದ್ದಾರೆ? 1989ರ ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುವುದು ಇದನ್ನೇ. ಮಗುವಿಗೆ ಸಂಬಂಧಪಟ್ಟ ವಿಷಯದಲ್ಲಿ ಮಗುವಿನ ಮಾತು ಕೇಳಬೇಕು, ಅದಕ್ಕೆ ಬೆಲೆ ಕೊಡಬೇಕು. ಚಿತ್ರ ಬರೆಸಿದ ಮಾರನೇ ದಿನ ನಾನು ಕೇಳಿದೆ. ಬಸ್ಸಿನಲ್ಲಿ ನಿಮಗೆ ಏನು ಕಷ್ಟ, ಹೆಸರು ಹಾಕದೆ ಬರೆದು ಕೊಡಿ ಅಂದೆ.

ಅಪರಿಚಿತರ ಭಯ ಅಂತ ಬರೆದವರು ತುಂಬ ಕಡಿಮೆ. ಅವರ ಕಷ್ಟಗಳು ನನಗೆ ಹೊಳೆದೇ ಇರದಂಥವು.

"ಸ್ಟಾಪಲ್ಲಿ ನಾವು ಮಾತ್ರ ಇದ್ರೆ ಬಸ್ಸು ನಿಲ್ಲಿಸಲ್ಲ. ಒಬ್ಬರು ದೊಡ್ಡವರು ಇದ್ರೆ ನಿಲ್ಲಿಸ್ತಾರೆ." ಇದನ್ನು ಒಬ್ಬರಲ್ಲ, ಆರು ಮಕ್ಕಳು ಬರೆದಿದ್ದರು. "ನಾನು ಮೊದಲು ಬಂದು ಕೂತಿರ್ತೀನಿ. ಆಂಟಿ ಬಂದು ಏಳು ಅಂತಾರೆ. ಕೇಳಲ್ಲ, ಹೇಳ್ತಾರೆ." "ಬೆಲ್ ನನಗೆ ಎಟಕಲ್ಲ. ಯಾರನ್ನಾದ್ರೂ ಕೇಳಬೇಕು. ಕೇಳೋಕೆ ನಾಚಿಕೆ." "ಬ್ಯಾಗ್ ಕೆಳಗಿಟ್ರೆ ಬೈತಾರೆ. ಹಾಕ್ಕೊಂಡ್ರೂ ಬೈತಾರೆ." ಒಬ್ಬ ಹುಡುಗ ಬರೆಯುವ ಬದಲು ಚಿತ್ರವನ್ನೇ ಕೊಟ್ಟ. ತುಂಬಿದ ಬಸ್ಸು ಅವನ ಎತ್ತರಕ್ಕೆ ಹೇಗೆ ಕಾಣುತ್ತದೆ ಎಂಬ ಚಿತ್ರ. ಅದರಲ್ಲಿ ಒಂದು ಮುಖವೂ ಇಲ್ಲ. ಮೊಣಕೈಗಳು, ಬೆಲ್ಟಿನ ಬಕಲ್ಲುಗಳು, ಚೀಲಗಳ ತಳ. ಮೂಲೆಯಲ್ಲಿ ಒಂದು ಚೂರು ಕಿಟಕಿ.

ಈ ಚೀಟಿಗಳನ್ನು ಓದಿ ನನಗೆ ಮೊದಲು ಸಂಕಟ ಆಯಿತು. ಆಮೇಲೆ ಇನ್ನೊಂದು ಕಂಡಿತು. ನಲವತ್ತು ಚೀಟಿಗಳಲ್ಲಿ ಒಂದರಲ್ಲೂ "ನನಗೆ ಬಸ್ಸು ಬೇಡ" ಎಂದು ಇರಲಿಲ್ಲ. ಮಕ್ಕಳು ಬಸ್ಸನ್ನು ದೂರುತ್ತಿಲ್ಲ. ಬಸ್ಸಿನಲ್ಲಿ ತಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ನಮ್ಮನ್ನು ದೂರುತ್ತಿದ್ದಾರೆ.

ಲಂಡನ್ನಿನಲ್ಲಿ 2005ರಿಂದ 16 ವರ್ಷದೊಳಗಿನ ಮಕ್ಕಳಿಗೆ ಬಸ್ಸು ಉಚಿತ. ಮಕ್ಕಳು ನಡೆಯುವುದನ್ನೇ ಬಿಡುತ್ತಾರೆ, ಬಸ್ಸಲ್ಲಿ ಗಲಾಟೆ ಮಾಡುತ್ತಾರೆ ಎಂದು ಬೈದವರು ಬಹಳ. ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್‌ನ ಸಂಶೋಧಕರು ಮಕ್ಕಳ ಜೊತೆ ಕೂತು ಮಾತಾಡಿದರು. ಮಕ್ಕಳಿಗೆ ಬಸ್ಸು ಅಂದರೆ ಬರೀ ಸಾಗಿಸುವ ಗಾಡಿ ಅಲ್ಲ, ಸ್ನೇಹಿತರ ಜೊತೆ ಸೇರಿ ಇರುವ ಜಾಗ ಎಂದು ತಿಳಿಯಿತು. ಪಾಸು ಎಲ್ಲರಿಗೂ ಇದೆ. ಹಾಗಾಗಿ ಯಾರ ಹತ್ತಿರ ದುಡ್ಡಿದೆ, ಯಾರ ಹತ್ತಿರ ಇಲ್ಲ ಅನ್ನುವ ಮಾತೇ ಅಲ್ಲಿ ಬರುವುದಿಲ್ಲ. ಸ್ಕಾಟ್ಲೆಂಡ್ 2022ರ ಜನವರಿಯಿಂದ 5ರಿಂದ 21 ವರ್ಷದವರಿಗೆಲ್ಲ ಬಸ್ಸು ಉಚಿತ ಮಾಡಿತು. ಇವರೆಲ್ಲ ಮಕ್ಕಳ ಮೇಲೆ ಪ್ರೀತಿ ಇಲ್ಲದ ಜನರಾ?

ಜಪಾನಿನ ಮಾತು ಹೇಳದೆ ಇರಲಾರೆ. ಅಲ್ಲಿ ಆರೇಳು ವರ್ಷದ ಮಕ್ಕಳು ಬೆನ್ನಿಗೆ ಚೌಕದ ಚರ್ಮದ ಬ್ಯಾಗು ಹಾಕಿಕೊಂಡು ಒಬ್ಬರೇ ರೈಲು ಹತ್ತುತ್ತಾರೆ. ಟೋಕಿಯೋದ ಸ್ಟೇಷನ್ನಿನ ಗೇಟಿಗೆ ಮಕ್ಕಳ ಕಾರ್ಡು ತೋರಿಸಿದರೆ ಮರಿಹಕ್ಕಿ ಕೂಗಿದ ಹಾಗೆ ಚಿಲಿಪಿಲಿ ಶಬ್ದ ಬರುತ್ತದೆ. ಒಂದು ಮಗು ಈಗ ಒಳಗೆ ಬಂತು ಎಂದು ಸ್ಟೇಷನ್ನಿಗೇ ಗೊತ್ತಾಗುತ್ತದೆ. ನನಗೆ ಇದು ಬಹಳ ಇಷ್ಟ. ಮಗು ಬರಬಾರದು ಅನ್ನಲಿಲ್ಲ ಅವರು. ಮಗು ಬಂದಾಗ ಬೇರೆ ಶಬ್ದ ಆಗಲಿ ಅಂದರು.

ನನ್ನ ಎದುರು ವಾದ ಮಾಡುವವರು ಭಯದ ಮಾತು ಎತ್ತುತ್ತಾರೆ, ಗೊತ್ತು. ಅವರ ಪ್ರಕಾರ ಪ್ರತಿ ಸ್ಟಾಪಿನಲ್ಲೂ ಒಬ್ಬ ಮಕ್ಕಳ ಕಳ್ಳ ಕಾದು ಕೂತಿದ್ದಾನೆ. ಬಸ್ಸಿನ ಪ್ರತಿ ಸೀಟಿನಲ್ಲೂ ಒಬ್ಬ ಕೆಟ್ಟವನಿದ್ದಾನೆ. ಹಾಗಿದ್ದರೆ ಬಸ್ಸಿನಲ್ಲಿರುವ ಉಳಿದ ಐವತ್ತು ಜನ ಯಾರು? ನೀವೇ ಅಲ್ವಾ? ನಾನೇ ಅಲ್ವಾ? ನಾಲ್ಕು ಬಾಗಿಲು ಮುಚ್ಚಿದ ಕಾರಿಗಿಂತ ಐವತ್ತು ಜನರ ಕಣ್ಣು ಇರುವ ಬಸ್ಸೇ ಎಷ್ಟೋ ವಾಸಿ.

ಹೇಳುವುದು ಸುಲಭ, ನಿನ್ನ ಮಗಳನ್ನು ಕಳಿಸಿದ್ದೀಯಾ ಎಂದು ಕೇಳುವವರಿಗೆ ಉತ್ತರ ಕೊಡುತ್ತೇನೆ. ಕಳಿಸಿದ್ದೇನೆ. ಅವಳಿಗೆ ಹತ್ತು ವರ್ಷ ಆಗಿತ್ತು. ಆರು ಸ್ಟಾಪಿನ ದಾರಿ. ಎರಡು ತಿಂಗಳು ಅವಳ ಪಕ್ಕ ಕೂತು ಹೋದೆ. ಆಮೇಲೆ ಒಂದು ತಿಂಗಳು ಅವಳು ಮುಂದೆ, ನಾನು ಹಿಂದಿನ ಸೀಟು. ಇಳಿಯುವಾಗ ಬಸ್ಸು ಹೋಗುವವರೆಗೆ ನಿಂತು ಆಮೇಲೆ ರಸ್ತೆ ದಾಟಬೇಕು ಅನ್ನುವುದನ್ನು ನೂರು ಸಲ ಹೇಳಿದೆ. ನನ್ನ ನಂಬರನ್ನು ಬ್ಯಾಗಿನ ಒಳಗೆ ಹೊಲಿದೆ.

ಒಬ್ಬಳೇ ಹೋಗಲು ಶುರು ಮಾಡಿದ ಎರಡನೇ ವಾರ ಜೋರು ಮಳೆ. ನಾನು ನಮ್ಮ ಸ್ಟಾಪಿನಲ್ಲಿ ಕೊಡೆ ಹಿಡಿದು ನಿಂತಿದ್ದೆ. ಬರಬೇಕಾದ ಬಸ್ಸು ಬರಲಿಲ್ಲ. ಇನ್ನೊಂದೂ ಬರಲಿಲ್ಲ. ಮುಂದೆ ರಸ್ತೆಯಲ್ಲಿ ನೀರು ನಿಂತಿದೆ, ಬಸ್ಸುಗಳು ಬೇರೆ ದಾರಿಯಲ್ಲಿ ಹೋಗುತ್ತಿವೆ ಎಂದು ಯಾರೋ ಹೇಳಿದರು. ನನ್ನ ಎದೆ ಝಲ್ ಅಂತು. ಯಾವ ಕಡೆ ಓಡಬೇಕು ಅಂತಲೇ ತಿಳಿಯಲಿಲ್ಲ. ಇಲ್ಲಿಂದ ಹೋದರೆ ಅವಳು ಇಲ್ಲಿಗೇ ಬಂದರೆ? ನಲವತ್ತು ನಿಮಿಷ ಅಲ್ಲೇ ನಿಂತೆ. ಆ ನಲವತ್ತು ನಿಮಿಷದಲ್ಲಿ ನಾನು ಈ ಪ್ರಶ್ನೆಗೆ ವಿರೋಧವನ್ನೇ ಬರೆಯುತ್ತಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ಅವಳು ಬಂದಳು. ನಾನು ನೋಡುತ್ತಿದ್ದ ಕಡೆಯಿಂದ ಅಲ್ಲ, ನನ್ನ ಬೆನ್ನ ಹಿಂದಿನಿಂದ. ಬ್ಯಾಗನ್ನು ಎದೆಗೆ ಅವುಚಿಕೊಂಡು ನಡೆದು ಬಂದಳು. ಶೂ ತುಂಬ ನೀರು. ನಾನು ಅಳುತ್ತಿದ್ದೆ. ಅವಳಿಗೆ ಅದರ ಕಡೆ ಗಮನವೇ ಇರಲಿಲ್ಲ. "ಅಮ್ಮ, ಬಸ್ಸು ನೀರಿನ ಟ್ಯಾಂಕಿನ ಹಿಂದೆ ಹೋಯ್ತು. ಆ ರಸ್ತೆ ನಮ್ಮನೆ ಹಿಂದಿನ ರಸ್ತೆಗೆ ಸೇರುತ್ತೆ, ಗೊತ್ತಾ ನಿನಗೆ?" ಅಂದಳು. ನನಗೆ ಗೊತ್ತಿರಲಿಲ್ಲ. ನಾನು ಆ ಮನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೆ. ಅವಳು ಎರಡು ವಾರ ಕಿಟಕಿ ಪಕ್ಕ ಕೂತು ಟ್ಯಾಂಕು ಎಲ್ಲೆಲ್ಲಿಂದ ಹೇಗೆ ಕಾಣುತ್ತದೆ ಅಂತ ನೋಡಿಟ್ಟಿದ್ದಳು. ಬಸ್ಸು ದಾರಿ ಬಿಟ್ಟಾಗ ಡ್ರೈವರನ್ನು ಕೇಳಿದಳಂತೆ. ಟ್ಯಾಂಕು ಕಂಡ ತಕ್ಷಣ ಇಳಿದಳಂತೆ.

ಕಾರಿನ ಹಿಂದಿನ ಸೀಟಿನಲ್ಲಿ ಕೂತ ಮಗುವಿಗೆ ಇದನ್ನು ಯಾವ ಪಾಠದಲ್ಲಿ ಹೇಳಿಕೊಡುವುದು? ನಾನು ಶಿಕ್ಷಕಿ. ನನಗೆ ಗೊತ್ತಿಲ್ಲ.

ಕೆನಡಾದ ವ್ಯಾಂಕೂವರ್‌ನಲ್ಲಿ ಒಬ್ಬ ಅಪ್ಪ ತನ್ನ ನಾಲ್ಕು ಮಕ್ಕಳಿಗೆ ಬಹಳ ದಿನ ಜೊತೆಗೆ ಹೋಗಿ ಕಲಿಸಿ, ಆಮೇಲೆ ಅವರನ್ನೇ ಶಾಲೆಗೆ ಬಸ್ಸಿನಲ್ಲಿ ಕಳಿಸುತ್ತಿದ್ದ. ಯಾರೋ ದೂರು ಕೊಟ್ಟರು. 2017ರಲ್ಲಿ ಮಕ್ಕಳ ಇಲಾಖೆಯವರು ಬಂದು, ಹತ್ತು ವರ್ಷದೊಳಗಿನ ಮಕ್ಕಳನ್ನು ಹೀಗೆ ಬಿಡುವ ಹಾಗಿಲ್ಲ ಅಂದರು. ಅವನು ಕೋರ್ಟಿಗೆ ಹೋದ. 2020ರಲ್ಲಿ ಬ್ರಿಟಿಷ್ ಕೊಲಂಬಿಯಾದ ಮೇಲ್ಮನವಿ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು. ಮೂರು ವರ್ಷ ಹಿಡಿಯಿತು, ಮಕ್ಕಳು ಬಸ್ಸು ಹತ್ತಬಹುದು ಅನ್ನಿಸಿಕೊಳ್ಳಲು. ಅಷ್ಟರಲ್ಲಿ ಆ ಮಕ್ಕಳು ಎಷ್ಟು ಬೆಳೆದಿದ್ದವೋ.

ಮಕ್ಕಳನ್ನು ಸುಮ್ನೆ ಬೀದಿಗೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಕಲಿಸಿ, ಜೊತೆಗೆ ಹೋಗಿ, ಒಂದು ಸೀಟು ಹಿಂದೆ ಸರಿಯಿರಿ, ಆಮೇಲೆ ಬಿಡಿ. ಅದರ ಜೊತೆಗೆ ಮಕ್ಕಳು ಚೀಟಿಯಲ್ಲಿ ಕೇಳಿದ್ದನ್ನು ಕೊಡಿ. ಯೂನಿಫಾರ್ಮು ಕಂಡರೂ ಬಸ್ಸು ನಿಲ್ಲಲಿ. ಕೂತ ಮಗುವನ್ನು ಎಬ್ಬಿಸುವ ಮೊದಲು ಕೇಳಲಿ. ಕಂಬದಲ್ಲಿ ಒಂದು ಹಿಡಿ ಕೆಳಗೂ ಇರಲಿ. ಬೆಲ್ ಒಂದು ಗೇಣು ಕೆಳಗೆ ಬರಲಿ. ಎಟಕಲ್ಲ ಎಂದು ಬರೆದ ಮಗು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕ್ಲಾಸಿನಲ್ಲಿ ಗಿಡ್ಡ ಮಕ್ಕಳು ಐದಾರು ಜನ ಇದ್ದಾರೆ. ಅವರಲ್ಲಿ ಯಾರೇ ಆಗಲಿ, ನಾಳೆ ಬೆಳಿಗ್ಗೆಯೂ ಯಾರನ್ನಾದರೂ ಕೇಳಿಯೇ ಇಳಿಯಬೇಕು.

ವಿರೋಧ: ಅವಳು ನನ್ನ ಸೀಟಿನ ಪಕ್ಕವೇ ನಿಲ್ಲುತ್ತಿದ್ದಳು

ವಿರೋಧ ಬರೆಯಿರಿ ಎಂದು ಹೇಳಿದ್ದಾರೆ, ಬರೆಯುತ್ತಿದ್ದೇನೆ. ನಾನು ಪೂರ್ತಿ ವಿರೋಧಿ ಅಲ್ಲ. ಇಪ್ಪತ್ತೆರಡು ವರ್ಷ ಬಸ್ಸಿನಲ್ಲೇ ಅನ್ನ ತಿಂದವನು. ಬಸ್ಸಿಗೆ ಬರಬೇಡಿ ಎಂದು ಯಾರಿಗಾದರೂ ಹೇಳುವುದು ನನ್ನ ನಾಲಿಗೆಗೆ ಒಗ್ಗುವುದಿಲ್ಲ. ಆದರೂ ಹೇಳಬೇಕಾದ ಕೆಲವು ಮಾತುಗಳಿವೆ. ಅವನ್ನು ಹೇಳುವವರು ಕಡಿಮೆ.

ಮೊದಲನೆಯದು, ಬಸ್ಸು ದೊಡ್ಡವರ ಅಳತೆಗೆ ಮಾಡಿದ ಗಾಡಿ. ಮೆಟ್ಟಿಲು ಎತ್ತರ. ಮೇಲಿನ ಸರಳು ಎತ್ತರ. ಸರಳು ಎಟಕದ ಮಗು ಪಕ್ಕದವರ ಬಟ್ಟೆಯನ್ನೋ ಸೀಟಿನ ಅಂಚನ್ನೋ ಹಿಡಿಯುತ್ತದೆ. ಬ್ರೇಕು ಹಾಕಿದಾಗ ದೊಡ್ಡವರು ಓಲಾಡುತ್ತಾರೆ, ಮಗು ಬೀಳುತ್ತದೆ. ಎಷ್ಟು ಮಕ್ಕಳನ್ನು ನೆಲದಿಂದ ಎತ್ತಿ ನಿಲ್ಲಿಸಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಬೆನ್ನ ಮೇಲೆ ಆ ಭಾರದ ಬ್ಯಾಗು ಬೇರೆ.

ಎರಡನೆಯದು, ಇಳಿದ ಮೇಲಿನ ಅರ್ಧ ನಿಮಿಷ. ಬಸ್ಸಿನ ಒಳಗಿನ ಅಪಾಯಕ್ಕಿಂತ ನನಗೆ ಅದರ ಭಯವೇ ಜಾಸ್ತಿ. ಇಳಿದ ಮಗು ಬಸ್ಸಿನ ಮುಂದಿನಿಂದ ಓಡಿ ರಸ್ತೆ ದಾಟುತ್ತದೆ. ಡ್ರೈವರ್ ಸೀಟಿನಲ್ಲಿ ಕೂತು ನೋಡಿದರೆ ಬಂಪರಿಗೆ ಅಂಟಿಕೊಂಡ ಹಾಗೆ ಹೋಗುವ ಚಿಕ್ಕ ಮಗುವಿನ ತಲೆ ಕಾಣುವುದಿಲ್ಲ. ಪಕ್ಕದಿಂದ ಓವರ್‌ಟೇಕ್ ಮಾಡಿ ಬರುವ ಗಾಡಿಯವನಿಗೂ ಕಾಣುವುದಿಲ್ಲ. ಅಮೆರಿಕದಲ್ಲಿ ಹಳದಿ ಶಾಲಾ ಬಸ್ಸು ಕೆಂಪು ದೀಪ ಹಾಕಿ ನಿಂತರೆ ಹಿಂದಿನ ಗಾಡಿಗಳು ನಿಲ್ಲಲೇಬೇಕು. ನಡುವೆ ವಿಭಜಕ ಇಲ್ಲದ ರಸ್ತೆಯಾದರೆ ಎದುರಿನಿಂದ ಬರುವವೂ ನಿಲ್ಲಬೇಕು. ಅದು ಕಾನೂನು. ಸಾಮಾನ್ಯ ಬಸ್ಸು ನಿಂತರೆ ಯಾರೂ ನಿಲ್ಲಬೇಕಾಗಿಲ್ಲ. ಅದೇ ಮಗು, ಅದೇ ರಸ್ತೆ. ಬಸ್ಸಿನ ಬಣ್ಣ ಬೇರೆ ಆದರೆ ರಕ್ಷಣೆ ಇಲ್ಲ.

ಮಗುವೇ ನೋಡಿಕೊಂಡು ದಾಟಲಿ ಅನ್ನುವವರು ಇದ್ದಾರೆ. ಬ್ರಿಟನ್ನಿನ ಸಂಶೋಧಕರು 2011ರಲ್ಲಿ ಒಂದು ವಿಷಯ ಪ್ರಕಟಿಸಿದರು. ಪ್ರಾಥಮಿಕ ಶಾಲೆಯ ಮಕ್ಕಳ ಕಣ್ಣಿಗೆ ವೇಗವಾಗಿ ಬರುವ ಗಾಡಿ ಹತ್ತಿರ ಬರುತ್ತಿದೆ ಅನ್ನುವುದು ದೊಡ್ಡವರಿಗೆ ತಿಳಿದಷ್ಟು ಚೆನ್ನಾಗಿ ತಿಳಿಯುವುದಿಲ್ಲ. ಗಂಟೆಗೆ 20 ಮೈಲಿ ದಾಟಿದ ವೇಗದಲ್ಲಿ ಇದು ಅಪಾಯಕ್ಕೆ ಬರುತ್ತದೆ. ಗಮನ ಕೊಟ್ಟು ನೋಡಿದರೂ ಅಷ್ಟೇ. ನೂರು ಸಲ ಹೇಳಿಕೊಟ್ಟರೂ ಕಣ್ಣು ಬೆಳೆಯುವಾಗಲೇ ಬೆಳೆಯಬೇಕು.

ಪರ ಬರೆಯುವವರು ಜಪಾನಿನ ಮಾತು ತಂದೇ ತರುತ್ತಾರೆ. ತರಲಿ. ಅದೇ ಜಪಾನಿನಲ್ಲಿ ರೈಲಿಗೆ ಮಹಿಳೆಯರ ಬೋಗಿ ಬೇಕಾಯಿತು. ಟೋಕಿಯೋದಲ್ಲಿ 2001ರಲ್ಲಿ ಶುರುವಾಗಿ, 2005ರಲ್ಲಿ ಬೆಳಗಿನ ರೈಲುಗಳಿಗೂ ಬಂತು. ಪ್ರಾಥಮಿಕ ಶಾಲೆಯ ಮಕ್ಕಳು ಆ ಬೋಗಿ ಹತ್ತಬಹುದು. ಅಲ್ಲಿನ ಎಷ್ಟೋ ಮಕ್ಕಳ ಬ್ಯಾಗಿನ ಪಟ್ಟಿಗೆ ಎಳೆದರೆ ಕಿರುಚುವ ಬಜರ್ ನೇತಾಡುತ್ತಿರುತ್ತದೆ. ಏನೂ ಭಯ ಇಲ್ಲದ ಕಡೆ ಇವೆಲ್ಲ ಯಾಕೆ ಬೇಕು?

ಕಾರುಗಳಿಂದ ಅಪಘಾತ ಜಾಸ್ತಿ ಆಗುತ್ತದೆ ಅನ್ನುವುದು ನಿಜವಿರಬಹುದು. ಆ ವಿಷಯ ನನಗೆ ಅಷ್ಟು ತಿಳಿಯದು. ನನಗೆ ತಿಳಿದದ್ದು ಬಸ್ಸಿನ ಒಳಗಿನದು. ಅದರಲ್ಲೂ ಒಂದು ವಿಷಯ ನನ್ನನ್ನು ಈ ಬರಹಕ್ಕೆ ಒಪ್ಪಿಸಿತು.

ಒಂದು ರೂಟಿನಲ್ಲಿ ನಾನು ಮೂರು ವರ್ಷ ಇದ್ದೆ. ಬೆಳಿಗ್ಗೆ ಏಳೂವರೆಯ ಟ್ರಿಪ್ಪು. ಒಬ್ಬ ಹುಡುಗಿ ದಿನಾ ಹತ್ತುತ್ತಿದ್ದಳು. ಹನ್ನೆರಡೋ ಹದಿಮೂರೋ ವಯಸ್ಸು. ಹತ್ತಿದವಳೇ ನನ್ನ ಸೀಟಿನ ಪಕ್ಕ ಬಂದು ನಿಲ್ಲುತ್ತಿದ್ದಳು. ಬ್ಯಾಗನ್ನು ಬೆನ್ನಿಂದ ತೆಗೆದು ಎದೆಗೆ ಹಾಕಿಕೊಳ್ಳುತ್ತಿದ್ದಳು. ಬೆನ್ನನ್ನು ನನ್ನ ಸೀಟಿನ ಕಂಬಿಗೆ ಒತ್ತಿ ನಿಲ್ಲುತ್ತಿದ್ದಳು. ಹಿಂದೆ ಸೀಟು ಖಾಲಿ ಇದ್ದರೂ ಹೋಗುತ್ತಿರಲಿಲ್ಲ. "ಕೂತ್ಕೋ ಹೋಗಮ್ಮ" ಅಂದರೆ "ಬೇಡ ಅಂಕಲ್" ಅನ್ನುತ್ತಿದ್ದಳು. ನನಗೆ ಟಿಕೆಟ್ ಕೊಡಲು ಏಳುವುದಕ್ಕೆ ಅಡ್ಡ ಆಗುತ್ತಿತ್ತು. ಒಂದೆರಡು ಸಲ ಸಿಡುಕಿದ್ದೂ ಇದೆ. ಆಗ ಸ್ವಲ್ಪ ಸರಿಯುತ್ತಿದ್ದಳು, ನಾನು ಕೂತ ಮೇಲೆ ಮತ್ತೆ ಅಲ್ಲೇ.

ನಾಲ್ಕೈದು ತಿಂಗಳು ಹೀಗೇ ನಡೆಯಿತು. ಒಂದು ದಿನ ಕಾಲೇಜಿಗೆ ಹೋಗುವ ದೊಡ್ಡ ಹುಡುಗಿಯೊಬ್ಬಳು ಇಳಿಯುವಾಗ ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು. ಅವಳು ಯಾಕೆ ಇಲ್ಲಿ ನಿಲ್ತಾಳೆ ಅಂತ ನಿಮಗೆ ಗೊತ್ತಾ ಸಾರ್? ಹಿಂದಿನ ಬಾಗಿಲ ಹತ್ತಿರ ನಿಲ್ಲುವ ಒಬ್ಬನನ್ನು ಕಣ್ಣಲ್ಲೇ ತೋರಿಸಿದಳು. ಅವನು ನನಗೆ ಗೊತ್ತಿದ್ದವನೇ. ದಿನಾ ಬರುವವನು. ಚಿಲ್ಲರೆ ಸರಿಯಾಗಿ ಕೊಡುವವನು. ನಾನು ದಿನಾ ನಕ್ಕು ಮಾತಾಡಿಸುತ್ತಿದ್ದವನು.

ಅವತ್ತು ನನಗೆ ಕೈಕಾಲು ಆಡಲಿಲ್ಲ. ಅರವತ್ತು ಜನ ಇದ್ದ ಬಸ್ಸು. ಅರವತ್ತು ಜನರ ಕಣ್ಣು ಇತ್ತು, ನನ್ನದೂ ಇತ್ತು. ಯಾರಿಗೂ ಕಾಣಲಿಲ್ಲ. ಕಂಡ ಒಬ್ಬ ಹುಡುಗಿಗೆ ಹೇಳಲು ತಿಂಗಳುಗಟ್ಟಲೆ ಬೇಕಾಯಿತು. ಜನ ಇದ್ದಾರೆ, ಏನೂ ಆಗಲ್ಲ ಅನ್ನುವ ಮಾತನ್ನು ನಾನು ಅವತ್ತಿನಿಂದ ಆಡಿಲ್ಲ. ತುಂಬಿದ ಬಸ್ಸಿನಲ್ಲಿ ಅಂಥವನಿಗೆ ಜನರೇ ಮರೆ.

ಮಾರನೇ ದಿನ ಅವನನ್ನು ಮಧ್ಯದಲ್ಲೇ ಇಳಿಸಿದೆ. ಏನು, ಹೇಗೆ ಅನ್ನುವುದು ಇಲ್ಲಿ ಬೇಡ. ಮತ್ತೆ ಅವನು ನನ್ನ ಬಸ್ಸಿಗೆ ಬರಲಿಲ್ಲ.

ಒಂದು ವಾರ ಬಿಟ್ಟು, ಬಸ್ಸು ಸ್ವಲ್ಪ ಖಾಲಿ ಇದ್ದ ದಿನ ಆ ಹುಡುಗಿಯನ್ನು ಕೇಳಿದೆ. "ಮನೇಲಿ ಹೇಳಿದ್ಯಾ ಮರಿ?" ಅವಳು ತಲೆ ಅಲ್ಲಾಡಿಸಿದಳು. "ಯಾಕೆ?" ಅಂದೆ. "ಹೇಳಿದ್ರೆ ಬಸ್ಸು ಬಿಡಿಸ್ತಾರೆ ಅಂಕಲ್" ಅಂದಳು.

ಈ ಒಂದು ಮಾತನ್ನು ನಾನು ಎಷ್ಟು ಸಲ ನೆನಪು ಮಾಡಿಕೊಂಡಿದ್ದೇನೋ. ಅವಳಿಗೆ ಬಸ್ಸು ಬೇಕಿತ್ತು. ಬಸ್ಸು ಅಂದರೆ ಅವಳಿಗೆ ಶಾಲೆ, ಅವಳ ಗೆಳತಿಯರು, ಒಬ್ಬಳೇ ಹೋಗಿ ಬರುವ ಧೈರ್ಯ. ಅದು ಕೈ ತಪ್ಪದಿರಲಿ ಎಂದು ಅವಳು ಸುಮ್ಮನಿದ್ದಳು. ಹೀಗಾಗಿ ಮಕ್ಕಳನ್ನು ಕೇಳಿದೆವು, ಅವರಿಗೆ ಭಯ ಇಲ್ಲವಂತೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹೆಸರಿಲ್ಲದ ಚೀಟಿಯಲ್ಲೂ ಅವಳು ಬರೆಯುತ್ತಿರಲಿಲ್ಲ. ಕೇಳಿದವರು ದೊಡ್ಡವರು ತಾನೇ? ದೊಡ್ಡವರ ಕೈಯಲ್ಲೇ ಬಸ್ಸು ಬಿಡಿಸುವ ಅಧಿಕಾರ ಇರುವುದು.

ನನಗೆ ವಹಿಸಿದ ಕೆಲಸ ವಿರೋಧ ಬರೆಯುವುದು. ಹಾಗಾಗಿ ಹೇಳುತ್ತೇನೆ. ಸರಳು ಎಟಕುವ ಎತ್ತರ ಬರುವವರೆಗೆ, ಕನಿಷ್ಠ ಬೆಳಗಿನ ಮತ್ತು ಸಂಜೆಯ ನೂಕುನುಗ್ಗಲಿನ ಬಸ್ಸಿಗೆ, ಮಗುವನ್ನು ಒಬ್ಬರನ್ನೇ ಹತ್ತಿಸಬೇಡಿ. ಅಪ್ಪ ಅಮ್ಮ ಹೋಗಲು ಆಗದಿದ್ದರೆ ಅಕ್ಕನೋ ಅಣ್ಣನೋ ಪಕ್ಕದ ಮನೆಯ ದೊಡ್ಡ ಮಕ್ಕಳೋ ಜೊತೆಗಿರಲಿ. ಆ ಹುಡುಗಿ ಮನೆಯಲ್ಲಿ ಹೇಳಿದ್ದರೆ ಅವಳನ್ನು ಬಸ್ಸು ಬಿಡಿಸುವುದು ಸರಿಯಿತ್ತಾ ಎಂದು ಕೇಳಿದರೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ನನಗೂ ಇಬ್ಬರು ಹೆಣ್ಣುಮಕ್ಕಳು. ಅವರಿಬ್ಬರೂ ಬಸ್ಸಿನಲ್ಲೇ ಓದಿ ಬಂದರು. ಈ ಮಾತನ್ನು ಅವರನ್ನು ಕೇಳಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಇನ್ನೂ ಕೇಳಿಲ್ಲ.

ಮುಂದಿನ ವರ್ಷ ನನ್ನ ರೂಟು ಬದಲಾಯಿತು. ಕೊನೆಯ ದಿನ ಅವಳಿಗೆ ಹೇಳಿದೆ, ನಾಳೆಯಿಂದ ಬೇರೆಯವರು ಬರುತ್ತಾರೆ ಅಂತ. ಹೊಸ ಕಂಡಕ್ಟರಿಗೂ ಹೇಳಿದೆ. ಒಂದು ಹುಡುಗಿ ಬಂದು ಸೀಟಿನ ಪಕ್ಕ ನಿಲ್ಲುತ್ತಾಳೆ, ಟಿಕೆಟಿಗೆ ಅಡ್ಡ ಆಗುತ್ತಾಳೆ, ಪಕ್ಕಕ್ಕೆ ಹೋಗು ಅನ್ನಬೇಡ, ನಿಲ್ಲಲಿ ಬಿಡು ಅಂದೆ. ಅವನು ಆಯ್ತು ಅಂದ.